ಸ್ವೀಡಿಶ್ ಎಷ್ಟು ತಿಂಗಳಿಗೆ ಬರುತ್ತದೆ?

"ಅಕ್ಕಾ, ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಬಂದು ನಾಲ್ಕು ತಿಂಗಳಾಯಿತು. ಆ್ಯಪ್‌ನಲ್ಲಿ ದಿನಾ ಸ್ವೀಡಿಶ್ ಕಲಿಯುತ್ತಿದ್ದೆ, ಈಗ ಬಿಟ್ಟೇಬಿಟ್ಟೆ. ಎಲ್ಲರೂ ಇಂಗ್ಲಿಷ್ ಮಾತಾಡುತ್ತಾರೆ. ಎಷ್ಟು ದಿನ ಬೇಕು, ಹುರುಪು ಉಳಿಯೋದು ಹೇಗೆ?" ಅಂತ ಕೇಳಿದ್ದೀಯ. ಅಕ್ಕಾ ಅಂದ ಮೇಲೆ ನೀನು ಅಂತಲೇ ಬರೆಯುತ್ತೇನೆ. ಇಲ್ಲಿ ಹೇಗೂ ಬಾಸ್ ಆಗಲಿ, ಡಾಕ್ಟರ್ ಆಗಲಿ, ಎಲ್ಲರೂ 'ದು', ಅಂದರೆ ನೀನು. ನನಗೆ ಮಾತ್ರ ತಲೆ ನರೆತವರನ್ನು ಹಾಗೆ ಕರೆಯಲು ಒಂದು ವರ್ಷ ಬಾಯೇ ಬರಲಿಲ್ಲ.

ನನ್ನ ಲೆಕ್ಕ ಹೇಳಿಬಿಡುತ್ತೇನೆ. ಕೆಲಸದ ಜತೆ ವಾರಕ್ಕೆ ಎರಡು ಸಂಜೆ ಕ್ಲಾಸಿಗೆ ಹೋಗಿ, ವಲಸೆ ಬಂದವರಿಗೆ ಸ್ವೀಡಿಶ್ ಕಲಿಸುವ ಎಸ್‌ಎಫ್‌ಐ ಕೋರ್ಸಿನ ಕೊನೆಯ ಹಂತ ಡಿ ಮುಗಿಸಲು ಒಂದೂವರೆ ವರ್ಷ. ಆಫೀಸಿನ ಊಟದ ಟೇಬಲ್ಲಿನಲ್ಲಿ ಉಳಿದವರು ನಕ್ಕಾಗಲೇ ನನಗೂ ನಗು ಬರಲು ಮೂರು ವರ್ಷ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸಂಸ್ಥೆ ಸ್ವೀಡಿಶ್‌ಗೆ ಸುಮಾರು 24 ವಾರ ಸಾಕು ಅನ್ನುತ್ತದೆ. ಅವರು ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದವರು, ದಿನವಿಡೀ ಅದೇ ಕೆಲಸ. ಕುಕ್ಕರ್ ಇಳಿಸಿ ಕ್ಲಾಸಿಗೆ ಓಡುವವರ ಲೆಕ್ಕ ಬೇರೆ.

ಪರ್ಸೂನ್‌ನುಮ್ಮರ್, ಅಂದರೆ ಇಲ್ಲಿನ ಗುರುತಿನ ಸಂಖ್ಯೆ, ಬಂದಿದ್ದರೆ ಮೊದಲು ಎಸ್‌ಎಫ್‌ಐಗೆ ಹೆಸರು ಕೊಡು. ಫೀಸಿಲ್ಲ. ಡಿಗ್ರಿ ಮಾಡಿದವರನ್ನು ಸಾಮಾನ್ಯವಾಗಿ ಸೀದಾ ಸಿ ಹಂತಕ್ಕೆ ಹಾಕುತ್ತಾರೆ.

ಕನ್ನಡದವರಿಗೆ ಇಲ್ಲೊಂದು ಲಾಭ ಇದೆ. ಹಳಿ, ಹಳ್ಳಿ ಬೇರೆ ಬೇರೆ ಅಂತ ನಮ್ಮ ಕಿವಿಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ಇಲ್ಲೂ ಹಾಗೆಯೇ. 'ಗ್ಲಾಸ್' ಅಂದರೆ ಲೋಟ, 'ಗ್ಲಸ್ಸ್' ಅಂದರೆ ಐಸ್‌ಕ್ರೀಮ್. ಕ್ರಿಯಾಪದವಂತೂ ನಾನು, ನೀನು, ಅವರು ಎಲ್ಲರಿಗೂ ಒಂದೇ. ಬಂದೆ, ಬಂದಳು, ಬಂದರು ಅನ್ನುವ ನಮಗೆ ಅದು ನೀರು ಕುಡಿದಷ್ಟು ಸುಲಭ. ಕಾಡುವುದು 'ಎನ್' ಮತ್ತು 'ಎತ್', ಇಂಗ್ಲಿಷಿನ 'a' ಥರ ನಾಮಪದದ ಹಿಂದೆ ಬರುವ ಎರಡು ಪದ. ಯಾವ ವಸ್ತುವಿಗೆ ಯಾವುದು ಅಂತ ಪದದ ಜತೆಗೇ ಬಾಯಿಪಾಠ ಮಾಡಬೇಕು, ಬೇರೆ ದಾರಿ ಇಲ್ಲ.

ಟೈಮಿನ ವಿಷಯದಲ್ಲೂ ಹುಷಾರು. ಮಗಳ ಶಿಶುವಿಹಾರದಲ್ಲಿ ಮೀಟಿಂಗು 'ಹಲ್ವ್ ಶೂ' ಅಂದರು. ಶೂ ಅಂದರೆ ಏಳು, ಹಲ್ವ್ ಅಂದರೆ ಅರ್ಧ, ಹಾಗಾದರೆ ಏಳೂವರೆ ಅಂದುಕೊಂಡು ಹೋದೆ. ಕುರ್ಚಿ ಎತ್ತಿಡುತ್ತಿದ್ದರು. ಏಳಕ್ಕೆ ಅರ್ಧ ಬಾಕಿ ಅಂತ ಅದರ ಅರ್ಥ, ಅಂದರೆ ಆರೂವರೆ. ಅವತ್ತು ಕಲಿತದ್ದು ಯಾವ ಆ್ಯಪೂ ಕಲಿಸಲಿಲ್ಲ.

ಹುರುಪಿನ ವಿಷಯ. ನವೆಂಬರಿನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲಾಗುವ ಊರಿನಲ್ಲಿ ಅದಕ್ಕೆ ಕಾಯುತ್ತಾ ಕೂರಬೇಡ ಮಾರಾಯ್ತಿ. ಇಂಗ್ಲಿಷ್ ನಡೆಯದ ಒಂದು ಜಾಗ ಹುಡುಕಿಕೋ. ನೀನು ಒಂದು ಕ್ಷಣ ತಡವರಿಸಿದರೆ ಸಾಕು, ಇಲ್ಲಿನವರು ಇಂಗ್ಲಿಷಿಗೆ ಹೊರಳುತ್ತಾರೆ. ಅವರ ಮಟ್ಟಿಗೆ ಅದು ಸಹಾಯ. 'ಕಾನ್ ವೀ ತಾ ದೆ ಪೋ ಸ್ವೆನ್ಸ್ಕಾ?' ಸ್ವೀಡಿಶ್‌ನಲ್ಲೇ ಮಾತಾಡೋಣವಾ, ಅಂತ. ಈ ಒಂದು ವಾಕ್ಯ ಗಟ್ಟಿ ಮಾಡಿಕೋ. ಲೈಬ್ರರಿಗಳಲ್ಲಿ ನಡೆಯುವ ಸ್ಪ್ರೋಕ್‌ಕಫೆಗೂ, ಅಂದರೆ ಭಾಷೆ ಮಾತಾಡಿ ರೂಢಿ ಮಾಡಿಕೊಳ್ಳುವ ಕೂಟಕ್ಕೂ, ಹೋಗು. ಕಾಫಿ ಕುಡಿಯುತ್ತಾ ಸುಮ್ನೆ ಹರಟೆ, ತಪ್ಪಿದರೆ ಯಾರೂ ನಗುವುದಿಲ್ಲ.

ನನಗೆ ಸಿಕ್ಕ ಜಾಗ ಬಿಲ್ಡಿಂಗಿನ ತ್ವೆಟ್‌ಸ್ತೂಗಾ, ಎಲ್ಲರೂ ಸರದಿ ಹಾಕಿಕೊಂಡು ಬಟ್ಟೆ ಒಗೆಯುವ ಕೋಣೆ. ನನ್ನ ನಂತರದ ಸರದಿ ಒಬ್ಬ ಅಜ್ಜಿಯದು. ಇಂಗ್ಲಿಷ್ ಮಾತಾಡಲು ಅವರಿಗೆ ಮನಸ್ಸಿಲ್ಲ. ಮಳೆ, ಮೊಣಕಾಲು ನೋವು, ಡ್ರೈಯರ್ ಫಿಲ್ಟರಿನಲ್ಲಿ ಯಾರೋ ಬಿಟ್ಟುಹೋದ ನೂಲಿನ ಧೂಳು. ವಾರಕ್ಕೆ ಹತ್ತು ನಿಮಿಷ ಇಷ್ಟೇ ಮಾತು. ಎಸ್‌ಎಫ್‌ಐಗಿಂತ ಜಾಸ್ತಿ ಕಲಿತದ್ದು ಅಲ್ಲೇ. ಗೋಡೆಗೆ ಅಂಟಿಸಿದ ಕೋಪದ ಚೀಟಿಗಳನ್ನು ಫೋಟೊ ತೆಗೆದು ಮನೆಯಲ್ಲಿ ಪದಪದವಾಗಿ ಬಿಡಿಸುತ್ತಿದ್ದೆ.

ಬಂದು ಒಂಬತ್ತು ವರ್ಷವಾಯಿತು. ಹೋದ ತಿಂಗಳು ನಾನೇ ಒಂದು ಕೋಪದ ಚೀಟಿ ಬರೆದು ಅಂಟಿಸಿದೆ: ಫಿಲ್ಟರ್ ಕ್ಲೀನ್ ಮಾಡಿ, ದಯವಿಟ್ಟು. ಮಾರನೇ ದಿನ ಫಿಲ್ಟರ್ ಹಾಗೇ ಇತ್ತು. ಚೀಟಿಯಲ್ಲಿ ನಾನು ಎನ್ ಮಾಡಿದ್ದನ್ನು ಯಾರೋ ಕೆಂಪು ಪೆನ್ನಿನಲ್ಲಿ ಎತ್ ಮಾಡಿದ್ದರು.