ಕಾಗದದ ಬಾಯಿಯ ಮೀನು

ಪ್ರಶ್ನೆ: ಅಮೆರಿಕದ ಟೆನೆಸಿಯಲ್ಲಿ ನೆಲೆಸಿರುವ ನಾನು ಎರಡು ವರ್ಷಗಳಿಂದ ಕ್ರಾಪಿ ಎಂಬ ಸಿಹಿನೀರಿನ ಮೀನಿಗೆ ಗಾಳ ಹಾಕುತ್ತಿದ್ದೇನೆ. ಏಪ್ರಿಲ್‌ನಲ್ಲಿ ದಡದ ಬಳಿಯೇ ಸಿಗುವ ಮೀನು ಜೂನ್ ಹೊತ್ತಿಗೆ ಕಾಣೆಯಾಗುತ್ತದೆ. ಕಚ್ಚಿದವುಗಳಲ್ಲಿಯೂ ಅರ್ಧದಷ್ಟು ಮೇಲೆತ್ತುವಾಗ ಕಳಚಿಕೊಂಡು ಬೀಳುತ್ತವೆ. ಕೊಕ್ಕೆ ಬದಲಾಯಿಸಿದರೂ ಪ್ರಯೋಜನವಾಗಲಿಲ್ಲ. ತಪ್ಪು ಎಲ್ಲಿದೆ?

ಉತ್ತರ: ಕಳಚಿಕೊಳ್ಳುವ ದೂರನ್ನೇ ಮೊದಲು ನೋಡೋಣ, ಏಕೆಂದರೆ ಅದರ ಪರಿಹಾರ ಸುಲಭ. ತಪ್ಪು ಕೊಕ್ಕೆಯದಲ್ಲ, ಬಹುಶಃ ಕೈಯದು. ಹಿಡಿದ ಕ್ರಾಪಿಯ ಬಾಯಿಯನ್ನು ಬೆರಳಿನಿಂದ ಮೆಲ್ಲಗೆ ಅಗಲಿಸಿ ಬೆಳಕಿಗೆ ಹಿಡಿದು ನೋಡಿ. ದವಡೆಯ ಪಕ್ಕದ ಚರ್ಮ ಈರುಳ್ಳಿಯ ಒಳಪೊರೆಯಷ್ಟು ತೆಳುವಾಗಿರುತ್ತದೆ. ಅಲ್ಲಿನವರು ಈ ಮೀನಿಗೆ 'ಪೇಪರ್‌ಮೌತ್' (ಕಾಗದದ ಬಾಯಿ) ಎಂಬ ಅಡ್ಡಹೆಸರಿಟ್ಟಿರುವುದು ಇದೇ ಕಾರಣಕ್ಕೆ. ಗಟ್ಟಿ ಬಾಯಿಯ ಬಾಸ್ ಮೀನು ಹಿಡಿದು ಪಳಗಿದವರು ರೂಢಿಯಂತೆ ಕೋಲನ್ನು ಜಗ್ಗಿದಾಗ ಆ ಪೊರೆ ಹರಿದು ದೊಡ್ಡ ತೂತಾಗುತ್ತದೆ, ಅನಂತರ ದಾರ ಕ್ಷಣಕಾಲ ಸಡಿಲವಾದರೂ ಕೊಕ್ಕೆ ಅದರಿಂದ ಜಾರಿಬಿಡುತ್ತದೆ. ಆದ್ದರಿಂದ ಮಣಿಕಟ್ಟನ್ನಷ್ಟೇ ಎತ್ತಿ ದಾರವನ್ನು ಬಿಗಿಗೊಳಿಸಿ, ಅದೇ ಬಿಗುವಿನಲ್ಲಿ ನಿಧಾನವಾಗಿ ಸುತ್ತಿಕೊಳ್ಳಿ. ತುದಿ ಬಾಗುವ ಮೆದು ಕೋಲು ಮತ್ತು 4ರಿಂದ 6 ಪೌಂಡ್ ಭಾರ ತಡೆಯುವ ದಾರ ಸಾಕು. ಮೀನನ್ನು ದಾರದಿಂದಲೇ ದೋಣಿಗೆ ಎತ್ತಿಹಾಕುವ ಬದಲು ಕೈಬಲೆಯನ್ನು ಅದರ ಕೆಳಗೆ ಒಡ್ಡಿ.

ಎರೆಯನ್ನು ಎಷ್ಟು ಆಳಕ್ಕೆ ಇಳಿಸುತ್ತೀರಿ ಎಂಬುದನ್ನು ನೀವು ಬರೆದಿಲ್ಲ, ಆದರೆ ಹೆಚ್ಚಿನವರು ಎಡವುವುದು ಅಲ್ಲಿಯೇ. ಕ್ರಾಪಿ ಮೇಲ್ಮುಖವಾಗಿ ನೋಡಿ ಬೇಟೆಯಾಡುವ ಮೀನು. ತನಗಿಂತ ಒಂದಡಿ ಮೇಲೆ ತೂಗುವ ಎರೆಗೆ ಏರಿ ಬರುತ್ತದೆ, ಕೆಳಗೆ ಬಿದ್ದುದನ್ನು ಸಾಮಾನ್ಯವಾಗಿ ಕಡೆಗಣಿಸುತ್ತದೆ. ಸೀಸದ ಭಾರದಿಂದ ನೆಟ್ಟಗೆ ನಿಂತಿದ್ದ ಬೆಂಡು ಮುಳುಗದೆ ಇದ್ದಕ್ಕಿದ್ದಂತೆ ಪಕ್ಕಕ್ಕೆ ಮಲಗಿದರೆ, ಗಾಳಿಯೆಂದು ಸುಮ್ಮನಿರಬೇಡಿ: ಮೀನು ಎರೆಯನ್ನು ಬಾಯಲ್ಲಿಟ್ಟುಕೊಂಡು ಮೇಲಕ್ಕೆ ಏರಿದೆ, ಹಾಗಾಗಿಯೇ ಬೆಂಡಿನ ಮೇಲಿನ ಭಾರ ತಪ್ಪಿದೆ.

ಇನ್ನು ಜೂನ್ ತಿಂಗಳ ಮಾತು. ನೀರಿನ ಉಷ್ಣತೆ 60ರಿಂದ 65 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುವ ವಸಂತದಲ್ಲಿ ಇವು ಮೊಟ್ಟೆಯಿಡಲು ದಡಕ್ಕೆ ಬರುತ್ತವೆ, ಗೂಡು ಕಾಯುವುದು ಗಂಡಿನ ಕೆಲಸ. ಅದು ಮುಗಿದ ಮೇಲೆ ದಡದಲ್ಲಿ ಅವಕ್ಕೆ ಕೆಲಸವಿಲ್ಲ; ಆಳದ ಕಡೆಗೆ ಸರಿದು, ಮುಳುಗಿದ ಮರಗಳ ಕೊಂಬೆಗಳ ನಡುವೆ ಗುಂಪುಗೂಡುತ್ತವೆ. ಹಾಗೆಂದು ತಳಕ್ಕೇ ಗಾಳ ಇಳಿಸಬೇಡಿ. ಬೇಸಿಗೆಯಲ್ಲಿ ಆಳವಾದ ಜಲಾಶಯದ ನೀರು ಪದರಗಳಾಗಿ ಬೇರ್ಪಟ್ಟು, ಕೆಳಗಿನ ತಣ್ಣನೆಯ ಪದರದಲ್ಲಿ ಆಮ್ಲಜನಕ ಕಡಿಮೆಯಾಗುತ್ತಾ ಹೋಗುವುದರಿಂದ ಮೀನು ಅದರ ಮೇಲಂಚಿನಲ್ಲಿ ನಿಲ್ಲುತ್ತದೆ. ಒಂದೊಂದೇ ಅಡಿ ಇಳಿಸುತ್ತಾ ಹೋಗಿ, ಮೊದಲ ಮೀನು ಸಿಕ್ಕ ಆಳವನ್ನು ಬಿಡಬೇಡಿ. ನಿಮ್ಮ ರಾಜ್ಯದ ರೀಲ್‌ಫುಟ್ ಸರೋವರ ಕ್ರಾಪಿಗೆ ಹೆಸರಾದುದು ಸುಮ್ಮನೆ ಅಲ್ಲ. 1811-12ರ ಭೂಕಂಪಗಳಲ್ಲಿ ನೆಲ ಕುಸಿದು ಕಾಡಿನ ಮೇಲೆ ನೀರು ನಿಂತ ಸ್ಥಳವದು, ನೀರಿನಡಿಯಲ್ಲಿ ಮರದ ಬುಡಗಳೇ ತುಂಬಿವೆ. ಆದರೆ ಅದು ಆಳವಿಲ್ಲದ ಕೆರೆಯಂಥದ್ದು, ಪದರಗಳ ಲೆಕ್ಕವನ್ನು ಅಲ್ಲಿ ಹಾಕಲಾಗದು. ಕೊಂಬೆಗೆ ಸಿಕ್ಕಿಕೊಳ್ಳುವ ಭಯವಿದ್ದರೆ ತೆಳುತಂತಿಯ ಕೊಕ್ಕೆ ಬಳಸಿ. ನಿಧಾನವಾಗಿ ಎಳೆದರೆ ಅದು ನೆಟ್ಟಗಾಗಿ ಬಿಡಿಸಿಕೊಳ್ಳುತ್ತದೆ, ಮತ್ತೆ ಬಾಗಿಸಿಕೊಳ್ಳಬಹುದು.

ಪ್ರಶ್ನೆ: ಬಿಳಿ ಕ್ರಾಪಿ, ಕಪ್ಪು ಕ್ರಾಪಿ ಎಂದು ಹೇಗೆ ಗುರುತಿಸುವುದು? ಬಣ್ಣ ನೋಡಿದರೆ ಗೊಂದಲವಾಗುತ್ತದೆ.

ಉತ್ತರ: ಬಣ್ಣವನ್ನು ನಂಬಬೇಡಿ, ಮೊಟ್ಟೆಯಿಡುವ ಕಾಲದಲ್ಲಿ ಬಿಳಿ ಜಾತಿಯ ಗಂಡೂ ಕಪ್ಪಾಗುತ್ತದೆ. ಬೆನ್ನಿನ ಈಜುರೆಕ್ಕೆಯ ಮುಳ್ಳುಗಳನ್ನು ಎಣಿಸಿ: ಸಾಮಾನ್ಯವಾಗಿ ಬಿಳಿಗೆ 5 ಅಥವಾ 6, ಕಪ್ಪಿಗೆ 7 ಅಥವಾ 8. ಮೈಮೇಲಿನ ಚುಕ್ಕೆಗಳು ಬಿಳಿಯಲ್ಲಿ ಲಂಬವಾದ ಪಟ್ಟೆಗಳಾಗಿ ಸಾಲುಗೂಡಿದ್ದರೆ, ಕಪ್ಪಿನಲ್ಲಿ ಎರಚಿದಂತೆ ಹರಡಿರುತ್ತವೆ. ಕಲಕು ನೀರನ್ನು ಬಿಳಿಯದು ಹೆಚ್ಚು ತಾಳಿಕೊಳ್ಳುತ್ತದೆ. ಕಪ್ಪಿಗೆ ತಿಳಿನೀರು, ಜಲಸಸ್ಯಗಳು ಇಷ್ಟ. ತಿನ್ನುವ ರುಚಿಯಲ್ಲಿ ನನಗಂತೂ ವ್ಯತ್ಯಾಸ ಕಂಡಿಲ್ಲ. ದಿನಕ್ಕೆ ಎಷ್ಟು, ಯಾವ ಉದ್ದದವನ್ನು ಇಟ್ಟುಕೊಳ್ಳಬಹುದೆಂಬ ನಿಯಮ ರಾಜ್ಯದಿಂದ ರಾಜ್ಯಕ್ಕೆ, ಕೆಲವೆಡೆ ಸರೋವರದಿಂದ ಸರೋವರಕ್ಕೂ ಬೇರೆಯಾಗುವುದರಿಂದ ಪರವಾನಗಿ ಪಡೆಯುವಾಗಲೇ ಅದನ್ನು ಓದಿಕೊಳ್ಳಿ.