ಎಂಟು ಕೋರ್ ಇದ್ದರೂ ನ್ಯಾಟ್ ನಿಧಾನ ಯಾಕೆ?

ಪ್ರಶ್ನೆ: ದಾವಣಗೆರೆ ವಿದ್ಯಾನಗರದಲ್ಲಿ ಮನೆಗಳಿಗೆ ಇಂಟರ್ನೆಟ್ ಕೊಡುತ್ತೇನೆ ಸರ್. ಸಾಫ್ಟ್‌ವೇರ್ ರೂಟರ್ ನಾನೇ ಬರೆಯುತ್ತಿದ್ದೇನೆ. ಪಬ್ಲಿಕ್ ಐಪಿ ಒಂದೇ. ನ್ಯಾಟ್ (ಮನೆಗಳ ಒಳಗಿನ ಐಪಿಗಳನ್ನು ಆ ಒಂದೇ ಪಬ್ಲಿಕ್ ಐಪಿಗೆ ಬದಲಿಸುವ ಕೆಲಸ) ಹಾಕಿದರೆ ಪ್ರೊಸೆಸರ್‌ನಲ್ಲಿ ಎಂಟು ಕೋರ್ ಇದ್ದರೂ ವೇಗ ಏರುತ್ತಿಲ್ಲ.

ಉತ್ತರ: ಎಲ್ಲ ಕೋರ್‌ಗಳೂ ಒಂದೇ ಸೆಷನ್ ಟೇಬಲ್‌ನ (ಯಾವ ಸಂಪರ್ಕ ಯಾವ ಮನೆಯದು ಎಂಬ ಪಟ್ಟಿಯ) ಲಾಕ್‌ಗೆ, ಅಂದರೆ ಒಮ್ಮೆಗೆ ಒಂದೇ ಕೋರ್ ಅದನ್ನು ಮುಟ್ಟುವಂತೆ ಹಾಕಿದ ಬೀಗಕ್ಕೆ, ಕಾಯುತ್ತಿರಬೇಕು, ಅಲ್ವಾ? ಒಂದೇ ಕಾವಲಿ ಮುಂದೆ ಎಂಟು ಜನ ಬೆಣ್ಣೆ ದೋಸೆ ಹುಯ್ಯಲು ನಿಂತ ಹಾಗೆ. ಕೋರ್‌ಗೊಂದು ಟೇಬಲ್ ಕೊಡಿ. ಪೋರ್ಟ್‌ಗಳನ್ನೂ (ಒಂದೇ ಐಪಿಯ ಸಂಪರ್ಕಗಳನ್ನು ಬೇರೆ ಬೇರೆ ಎಂದು ಗುರುತಿಸುವ ನಂಬರ್‌ಗಳು) ಹಂಚಿ: 65,536ರಲ್ಲಿ ಮೊದಲ 1,024 ಬಿಟ್ಟರೆ ಒಂದೊಂದು ಕೋರ್‌ಗೆ 8,064. ಹೊರಗೆ ಹೋಗುವ ಪ್ಯಾಕೆಟ್‌ಗೆ ಮನೆಯ ಐಪಿ ನೋಡಿ ಕೋರ್ ಆರಿಸಿ. ಮರಳಿ ಬರುವಾಗ ಡೆಸ್ಟಿನೇಷನ್ ಪೋರ್ಟ್ ನಂಬರೇ ಅದು ಯಾವ ಕೋರ್‌ನದು ಎಂದು ಹೇಳುತ್ತದೆ. ಲಾಕ್ ಬೇಡವೇ ಬೇಡ. ನನಗೆ ತುಂಬಾ ಇಷ್ಟವಾದ ವಿನ್ಯಾಸ ಇದು. ಪೋರ್ಟ್ ಸಾಲದಿದ್ದರೆ ಯುಡಿಪಿ ಟೈಮ್‌ಔಟ್ (ಪ್ಯಾಕೆಟ್ ಬಾರದ ಯುಡಿಪಿ ಸಂಪರ್ಕವನ್ನು ಟೇಬಲ್‌ನಿಂದ ಅಳಿಸುವ ಮುಂಚೆ ಕಾಯುವ ಸಮಯ) ಸುಮ್ನೆ ಇಳಿಸಬೇಡಿ. ನ್ಯಾಟ್ ಹೇಗಿರಬೇಕು ಎಂದು ಹೇಳುವ ಇಂಟರ್ನೆಟ್ ದಾಖಲೆ ಆರ್‌ಎಫ್‌ಸಿ 4787 ಪ್ರಕಾರ ಸಾಮಾನ್ಯವಾಗಿ 2 ನಿಮಿಷಕ್ಕೆ ಮುಂಚೆ ಅಳಿಸಬಾರದು. ಇನ್ನೊಂದು ಪಬ್ಲಿಕ್ ಐಪಿ ತೆಗೆದುಕೊಳ್ಳಿ.