ಭೋಸರಿಯ ಸಣ್ಣ ಶೆಡ್ಡಿಗೆ ಯಾವ ಪ್ಯಾನೆಲ್ ಸಾ ಸೂಕ್ತ?

ಮಾಡ್ಯುಲರ್ ಅಡುಗೆಮನೆಯ ಕೆಲಸಕ್ಕಾಗಿ ಪುಣೆಯ ಭೋಸರಿಯಲ್ಲಿ 20×15 ಅಡಿಯ ಶೆಡ್ಡನ್ನು ಬಾಡಿಗೆಗೆ ಹಿಡಿದಿರುವ ನೀವು, ಪ್ಯಾನೆಲ್ ಸಾಗಳಲ್ಲಿ, ಅಂದರೆ ಪ್ಲೈವುಡ್ಡಿನಂಥ ಹಾಳೆಗಳನ್ನು ಕತ್ತರಿಸುವ ಗರಗಸ ಯಂತ್ರಗಳಲ್ಲಿ, ಜಾರುವ ಮೇಜಿನ ಸ್ಲೈಡಿಂಗ್ ಯಂತ್ರ ಕೊಳ್ಳಬೇಕೋ ಹಾಳೆಯನ್ನು ನಿಲ್ಲಿಸಿ ಕತ್ತರಿಸುವ ನಿಲುವಿನದ್ದೋ ಎಂದು ಕೇಳಿದ್ದೀರಿ. ಯಂತ್ರದ ಬೆಲೆಗಿಂತ ಮೊದಲು ಜಾಗವನ್ನು ಅಳೆಯಿರಿ. ಪ್ಲೈವುಡ್ಡಿನ ಪೂರ್ಣ ಹಾಳೆ 8×4 ಅಡಿ, ಅಂದರೆ ಸುಮಾರು 2440×1220 ಮಿಲಿಮೀಟರ್. ಅದನ್ನು ಉದ್ದಕ್ಕೆ ಸೀಳಲು ಬಳಸುವ 3200 ಮಿಲಿಮೀಟರಿನ ಸ್ಲೈಡಿಂಗ್ ಮೇಜು ಬ್ಲೇಡಿನ ಹಿಂದಕ್ಕೂ ಮುಂದಕ್ಕೂ ಚಲಿಸುವುದರಿಂದ, ಆರೂವರೆ ಮೀಟರಿಗೂ ಹೆಚ್ಚು ಉದ್ದದ ಜಾಗ ಬೇಕಾಗುತ್ತದೆ. 20 ಅಡಿ ಎಂದರೆ ಸುಮಾರು ಆರು ಮೀಟರ್ ಮಾತ್ರ, ಹಾಗಾಗಿ ನಿಮ್ಮ ಶೆಡ್ಡಿನಲ್ಲಿ ಅದು ಹಿಡಿಸುವುದಿಲ್ಲ. ಗೋಡೆಗೆ ಒರಗಿ ನಿಲ್ಲುವ ಯಂತ್ರ ಈ ತೊಂದರೆಯನ್ನು ನೀಗಿಸುತ್ತದೆ.

ಆದರೆ ಲ್ಯಾಮಿನೇಟ್ ಅಂಟಿಸಿದ ಹಾಳೆಯೇ ನಿಮ್ಮ ಮುಖ್ಯ ಕೆಲಸವಾದರೆ ಸ್ಕೋರಿಂಗ್ ಬ್ಲೇಡಿನ ವಿಷಯದಲ್ಲಿ ರಾಜಿ ಬೇಡ. ಮುಖ್ಯ ಬ್ಲೇಡಿಗೆ ಎದುರು ದಿಕ್ಕಿನಲ್ಲಿ ತಿರುಗುವ ಈ ಸಣ್ಣ ಬ್ಲೇಡು ಮೊದಲೇ ಒಂದೆರಡು ಮಿಲಿಮೀಟರ್ ಆಳದ ಗೀರು ಹಾಕುವುದರಿಂದ ಕೆಳಮುಖದ ಅಂಚು ಚಕ್ಕೆ ಏಳುವುದಿಲ್ಲ. ಅಗ್ಗದ ನಿಲುವು ಯಂತ್ರಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಈ ಸೌಲಭ್ಯವಿರುವ ಮಾದರಿಗಾಗಿ ಕಾಯುವುದೇ ಲೇಸೆಂದು ನನ್ನ ಅಭಿಪ್ರಾಯ.

ದೊಡ್ಡ ಮೋಟಾರುಗಳಿಗೆ ಬೇಕಾಗುವ ತ್ರೀ ಫೇಸ್ ವಿದ್ಯುತ್ ಸಂಪರ್ಕವಿದೆಯೇ ಎಂದು ಶೆಡ್ಡಿನ ಮಾಲೀಕರನ್ನು ಮೊದಲೇ ಕೇಳಿ. ಅಂಗಡಿಗೆ ಹೋಗುವಾಗ ನಿಮ್ಮದೇ ಹಾಳೆಯನ್ನು ಒಯ್ದು (ಅವರ ಹಾಳೆ ಎಂದೂ ಚೆನ್ನಾಗಿಯೇ ಕತ್ತರಿಸಲ್ಪಡುತ್ತದೆ!) ದೊಡ್ಡದೊಂದು ಆಯತವನ್ನು ಕತ್ತರಿಸಿಸಿ, ಎದುರುಬದುರಿನ ಬದಿಗಳ ಜೊತೆಗೆ ಎರಡೂ ಕರ್ಣಗಳು ಸಮವಾಗಿವೆಯೇ ಎಂದು ಅಳೆಯಿರಿ; ಸಮವಾಗಿದ್ದರೆ ಮೂಲೆಗಳು ಲಂಬಕೋನದಲ್ಲಿವೆ ಎಂದರ್ಥ.